ಎರಡೂರಿಗೆ ಹಂಚಿದ ಕಾದಂಬರಿ

ನಂಜನಗೂಡಿನ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಆ ವರ್ಷ ಹತ್ತೊಂಬತ್ತನೆಯ ಶತಮಾನದ ಒಂದು ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಅದರ ನಾಯಕ ಭಾರಿ ಶ್ರೀಮಂತ, ಅದಕ್ಕಿಂತ ಭಾರಿ ಬಿಂಕದವನು. ಕುಣಿತದ ಕೂಟದಲ್ಲಿ, ಪರಿಚಯ ಮಾಡಿಸಿಲ್ಲವೆಂದು ಯಾರೊಂದಿಗೂ ಕುಣಿಯದೆ ಗೋಡೆಗೊರಗಿ ನಿಲ್ಲುತ್ತಾನೆ. ಇಂಥವನ ಮನಸ್ಸನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳಲಿ ಎಂದು ಮೊದಲು ಅವ್ವನ ಮುಂದೆ ಕಥೆ ಹೇಳಿ ನೋಡಿದೆ.

ಅವ್ವ ಅವರೆಕಾಯಿ ಸುಲಿಯುತ್ತಲೇ ನಾಯಕನ ಪರ ನಿಂತಳು. "ಅವನ್ದೇನ್ ತಪ್ಪು? ಕುಂಕುಮ ಇಟ್ಟು ಕರ್ದಿದ್ರಾ?"

ಅಲ್ಲಿಗೆ ಬಂತು ನೋಡಿ. ತಿ. ನರಸೀಪುರದ ಚಿಕ್ಕವ್ವ, ಎಂದರೆ ಅವ್ವನ ಒಬ್ಬಳೇ ತಂಗಿ, ತನ್ನ ಗೃಹಪ್ರವೇಶಕ್ಕೆ ಅವ್ವನನ್ನು ವಾಟ್ಸಾಪಿನಲ್ಲಿ ಕರೆದಿದ್ದಳು. ಮನೆಗೆ ಬಂದು ಕುಂಕುಮ ಇಟ್ಟು ಕರೆಯಲಿಲ್ಲವೆಂದು ಅವ್ವ ಹೋಗಲಿಲ್ಲ. ಒಡಹುಟ್ಟಿದ ಅಕ್ಕನೇ ಬರಲಿಲ್ಲವೆಂದು ಚಿಕ್ಕವ್ವ ಮಾತು ಬಿಟ್ಟಳು. ಈಗ ಚಿಕ್ಕವ್ವನ ಮಗಳ ಮದುವೆ ಹತ್ತಿರ ಬಂದಿತ್ತು. ಇಬ್ಬರೂ ಒಳಗೊಳಗೇ ಬೇಯುತ್ತಿದ್ದರು, ಬಾಯಿ ಮಾತ್ರ ಬಿಡರು. ನಡುವೆ ಸಿಕ್ಕಿಕೊಂಡ ನನಗೆ ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕೆನ್ನಿಸುತ್ತಿತ್ತು.

ಭಾನುವಾರ ಬಸ್ಸು ಹತ್ತಿ ಹೋಗಿ ಚಿಕ್ಕವ್ವನಿಗೂ ಅದೇ ಕಥೆ ಹೇಳಿದೆ. ನಾಯಕನ ಬಿಂಕ ಕೇಳಿ, ಥೇಟ್ ನಿಮ್ಮವ್ವ ಎಂದಳು. ಅವ್ವನೋ, ಮದುವೆ ಕೇಳಿದ ನಾಯಕನಿಗೆ ಮುಖಕ್ಕೆ ಹೊಡೆದಂತೆ ಒಲ್ಲೆ ಎಂದ ನಾಯಕಿಯಲ್ಲಿ ತನ್ನ ತಂಗಿಯನ್ನು ಕಂಡಳು. ನಾನು ಮನಶ್ಶಾಸ್ತ್ರವನ್ನು ಬದಿಗಿಟ್ಟು ಉಪಾಯ ಹೂಡಿದೆ. ಅವ್ವನಿಗೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು, ಮುಂದಿನದನ್ನು ಚಿಕ್ಕವ್ವನಿಗೆ ಮಾತ್ರ ಹೇಳುವುದು. ಬೇಕಾದರೆ ಹೋಗಿ ಕೇಳಿಕೊಳ್ಳಲಿ.

ಆದರೆ ಮುಂದಿನ ಭಾನುವಾರ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದ ಚಿಕ್ಕವ್ವ ಕಥೆ ಕೇಳಲು ಮತ್ತೆ ಬರಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ, ಚಿಕ್ಕವ್ವನಿಗೆ ಕಥೆ ಪೂರ್ತಿ ಗೊತ್ತು, ಅವಳನ್ನೇ ಕೇಳು ಎಂದು ಅವ್ವನಿಗೆ ಸುಳ್ಳು ಹೇಳಿಬಿಟ್ಟೆ.

ಅವ್ವ ಕೆಲವು ದಿನ ತಡೆದಳು. ನಾಯಕಿಯ ಚಿಂತೆಯಲ್ಲಿ ಸಾರಿಗೆ ಉಪ್ಪು ಮರೆತಳು. ಕೊನೆಗೆ ಒಂದು ಚಿಪ್ಪು ರಸಬಾಳೆ ಹಿಡಿದು ನನ್ನೊಡನೆ ಬಸ್ಸು ಹತ್ತಿದಳು. ಚಿಕ್ಕವ್ವನ ಮನೆ ತಲುಪಿದ್ದೇ, ಹೊಸಿಲು ದಾಟದೆ, ಆ ನಾಯಕನ ಹಾಗೆಯೇ ಗೋಡೆಗೊರಗಿ ನಿಂತಳು.

ಚಿಕ್ಕವ್ವ ಕುಂಕುಮದ ಭರಣಿ ಹಿಡಿದು ಹೊರಗೆ ಬಂದಳು. ಅಕ್ಕನ ಹಣೆಗೆ ಇಟ್ಟು, ಮಗಳ ಮದುವೆಗೆ ಬಾ ಎಂದು ಕರೆದಳು.

"ಬತ್ತೀನಿ. ಮೊದ್ಲು ಯೋಳು, ಆ ಉಡ್ಗಿ ಒಪ್ಕೊಂಡ್ಳಾ?"

ಸುಳ್ಳು ಬಯಲಾಯಿತೆಂದು ನಾನು ಬಸ್ ಸ್ಟ್ಯಾಂಡಿನ ದಾರಿ ನೋಡಿದೆ.

"ನಂಗೇನ್ ಗೊತ್ತಕ್ಕ," ಎಂದಳು ಚಿಕ್ಕವ್ವ. "ನಿನ್ ಮಗ್ಳು ಯೋಳಕ್ಕೇ ಬಂದಿದ್ಲು. ನೀನಿಲ್ದೆ ಎಂಗ್ ಕೇಳ್ಲಿ ಅಂತ ಎದ್ದೋದೆ."

ಅವ್ವ ಹೊಸಿಲು ದಾಟಿ ಒಳಗೆ ಹೋದಳು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು, ಬಾಳೆಹಣ್ಣು ತಿನ್ನುತ್ತ ಕೊನೆ ಕೇಳಿದರು. ನಾಯಕಿ ಒಪ್ಪಿದಳು ಎಂದಾಗ ಇಬ್ಬರೂ ಅತ್ತರು. ಕಣ್ಣೊರೆಸಿಕೊಂಡು ಅವ್ವ, ಆ ಹುಡುಗಿಗೊಬ್ಬಳು ಅಕ್ಕ ಇದ್ದಳಲ್ಲ, ಮದುವೆಗೆ ಅವಳನ್ನು ಕುಂಕುಮ ಇಟ್ಟು ಕರೆದಳಾ ಎಂದು ವಿಚಾರಿಸಿದಳು.

ಪುಸ್ತಕದಲ್ಲಿ ಅದಿಲ್ಲ. ಕರೆದಳು ಎಂದೆ.