ಅಕ್ಕನ ಬಾಗಿಲಿಗೆ ಆಮೆಬೆನ್ನಿನ ದಾರಿ

ಈ ಸಲ ನಿಲ್ಲುತ್ತದೋ, ಮತ್ತೆ ಕುಸಿಯುತ್ತದೋ? ಗೇಟಿನ ಬಳಿ ಇನ್ನಷ್ಟು ಆಳ ಅಗೆಯಬೇಕಿತ್ತೇ? ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಜಲ್ಲಿಯಣ್ಣ ತಾವೇ ಹಾಕಿದ ದಾರಿಯ ಮೇಲೆ ಹಿಮ್ಮಡಿ ಊರಿ, ಒತ್ತಿ, ಬಗ್ಗಿ ನೋಡುತ್ತಾರೆ. ಜಲ್ಲಿ ಅಲುಗುವುದಿಲ್ಲ. ನಂಬಿಕೆ ಮಾತ್ರ ಬರುವುದಿಲ್ಲ. ಮುಂದೆ ಹೋಗಿ ಮತ್ತೆ ಒತ್ತುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ವ್ಯಾನು ಬರಬೇಕು.

ಹೊಲಗಳ ನಡುವೆ ಒಂಟಿ ಮನೆ ಕಟ್ಟಿಕೊಂಡವರಿಗೆ ಮುಖ್ಯರಸ್ತೆಯಿಂದ ಬಾಗಿಲವರೆಗೆ ಜಲ್ಲಿ ದಾರಿ ಹಾಕಿಕೊಡುವುದು ಇವರ ಕಸುಬು. ಹೊಸ ಮನೆ ನೋಡಲು ಬಂದವರು ಗೋಡೆ ಹೊಗಳುತ್ತಾರೆ, ಕಿಟಕಿ ಹೊಗಳುತ್ತಾರೆ. ನಡೆದು ಬಂದ ದಾರಿಯನ್ನು ಯಾರೂ ನೋಡುವುದಿಲ್ಲ. “ನೋಡದಿದ್ರೇ ಒಳ್ಳೇದು. ದಾರಿ ಕಡೆ ನೋಡಿದ್ರು ಅಂದ್ರೆ ಎಲ್ಲೋ ಎಡವಿದ್ರು ಅಂತ ಅರ್ಥ” ಎಂದು ಜಲ್ಲಿಯಣ್ಣ ಅವರ ಕೆಲಸ ನೋಡಲು ಬಂದ ನನಗೆ ಹೇಳಿ ನಗುತ್ತಾರೆ.

ಈ ದಾರಿ ಅವರ ಅಕ್ಕನ ಮನೆಯದು. ತಾಯಿ ಬೇಗ ಹೋದ ಮೇಲೆ ಅವರನ್ನು ಸಾಕಿದವರು ಈ ಅಕ್ಕ. ಈಗ ಆಕೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಬೇಕು. ಕೆಸರು ದಾರಿಯಲ್ಲಿ ವ್ಯಾನು ಬರುತ್ತಿರಲಿಲ್ಲ. ಜಲ್ಲಿಯಣ್ಣ ಮತ್ತು ಪಕ್ಕದ ಹೊಲದವರು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತೊಯ್ಯುತ್ತಿದ್ದರು. “ಇನ್ನೊಂದ್ಸಲ ನನ್ನ ಹೀಗೆ ಮೆರವಣಿಗೆ ಮಾಡಿದ್ರೆ ಆಸ್ಪತ್ರೆಗೇ ಬರಲ್ಲ” ಎಂದು ಅಕ್ಕ ಹಟ ಹಿಡಿದರು. ಕಳೆದ ತಿಂಗಳು ಒಂದು ಸರದಿ ತಪ್ಪಿಸಿಯೇಬಿಟ್ಟರು.

ಆ ಭಯದಲ್ಲಿ ಜಲ್ಲಿಯಣ್ಣ ಬೇರೆಯವರ ಮನೆಯಲ್ಲಿ ಎಂದೂ ಮಾಡದ ತಪ್ಪು ಮಾಡಿದರು. ಕೆಸರು ತೆಗೆಯದೆ ಅದರ ಮೇಲೆಯೇ ಜಲ್ಲಿ ಸುರಿದರು. ಮೊದಲ ದಿನವೇ ವ್ಯಾನಿನ ಚಕ್ರ ಹೂತುಹೋಯಿತು. “ಇನ್ನೊಂದೇ ಸಲ ಬಂದು ನೋಡ್ತೀನಿ. ಆಗಲೂ ಹೂತ್ರೆ ನನ್ನ ಕರೀಬೇಡಿ ಅಣ್ಣ” ಎಂದುಬಿಟ್ಟರು ಚಾಲಕ.

ಎಲ್ಲವನ್ನೂ ಕಿತ್ತು ಮತ್ತೆ ಶುರು. ಗಟ್ಟಿ ನೆಲ ಸಿಗುವವರೆಗೆ ಅಗೆದು, ಕೆಳಗಿನ ಮಣ್ಣು ಕಲ್ಲಿನೊಳಗೆ ಸೇರದಂತೆ ದಪ್ಪ ಬಟ್ಟೆ ಹಾಸಿ, ಮೇಲೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ಕಲ್ಲುಪುಡಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರ್ ಎಳೆಯುವುದು. ನಡು ಎತ್ತರ, ಅಂಚು ತಗ್ಗು. ಅದಕ್ಕೆ ಅವರ ಮಾತು ‘ಆಮೆಬೆನ್ನು’. “ನೀರು ಕೂರೋಕೆ ಜಾಗ ಕೊಡಬಾರ್ದು. ಬಂತಾ, ಮಾತಾಡಿಸ್ತಾ, ಹೊರಟುಹೋಯ್ತಾ ಅಂತಿರ್ಬೇಕು.”

ಕೆಲಸ ನಡೆದಷ್ಟು ದಿನವೂ ಅಕ್ಕ ಕಿಟಕಿಯಿಂದಲೇ ಮೇಸ್ತ್ರಿ. “ಹೊಳೇಲಿರೋ ಗುಂಡು ಕಲ್ಲು ಹಾಕೋ ಪುಟ್ಟ, ನೋಡೋಕೆ ಚೆಂದ.”

“ಗುಂಡಗಿರೋವು ಒಂದನ್ನೊಂದು ಹಿಡ್ಕೊಳ್ಳಲ್ಲ ಅಕ್ಕ, ಜಾರ್ತವೆ. ಮೂಲೆ ಇರೋವೇ ಬೇಕು.”

“ಅಂದ್ರೆ ನಿನ್ನಂಥವು.”

“ನಮ್ಮಿಬ್ಬರಂಥವು ಅನ್ನು” ಎಂದಿದ್ದರು ತಲೆ ನರೆತ ಪುಟ್ಟ.

ಈಗ ವ್ಯಾನು ಬರುತ್ತದೆ. ಗೇಟಿನ ಬಳಿ ನಿಧಾನಿಸುತ್ತದೆ. ಜಲ್ಲಿ ಕರಕರ ಎನ್ನುತ್ತದೆ. ಜಲ್ಲಿಯಣ್ಣ ಬಗ್ಗಿ ಚಕ್ರವನ್ನೇ ನೋಡುತ್ತಾರೆ. ವ್ಯಾನು ಮೆಟ್ಟಿಲಿನವರೆಗೂ ಬಂದು ನಿಂತಾಗ ಚಾಲಕ ತಲೆ ಹೊರಗೆ ಹಾಕುತ್ತಾರೆ: “ಏನಣ್ಣ, ಅಡುಗೆಮನೆ ಒಳಗೇ ಬಂದ್ಬಿಡ್ಲಾ?”

ಜಲ್ಲಿಯಣ್ಣ ನಗುವುದಿಲ್ಲ. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಚಕ್ರದ ಗುರುತು ಹುಡುಕುತ್ತಾರೆ. ಕುಳಿ ಇಲ್ಲ. ಅಂಗೈಯಿಂದ ಜಲ್ಲಿಯನ್ನು ಒಮ್ಮೆ ಸವರಿ, ಅಕ್ಕನ ಕೈಚೀಲ ತರಲು ಒಳಗೆ ಹೋಗುತ್ತಾರೆ.

ಅಷ್ಟರಲ್ಲಿ ಗೋಡೆ ಹಿಡಿದು ತಾವೇ ಮೆಟ್ಟಿಲಿಳಿದ ಅಕ್ಕ ನನ್ನ ಹತ್ತಿರ ದನಿ ತಗ್ಗಿಸುತ್ತಾರೆ. “ಹೊತ್ಕೊಂಡು ಹೋಗೋವಾಗೆಲ್ಲ ‘ಎಷ್ಟು ಭಾರ ಅಕ್ಕ ನೀನು, ನನ್ನ ಬೆನ್ನು ಮುರೀತು’ ಅಂತ ಗೊಣಗ್ತಿದ್ದ. ನೋಡಿ, ನನ್ನ ಬಳೆ ಮೊಣಕೈವರೆಗೂ ಜಾರತ್ತೆ. ನಂಗೆ ಗೊತ್ತಾಗಲ್ವಾ?”

ಚೀಲ ಹಿಡಿದು ಬಂದ ತಮ್ಮ ಕೇಳುತ್ತಾರೆ, “ಏನು ಚಾಡಿ ಹೇಳ್ತಿದ್ದೆ?”

“ನಿಂಗೆ ಸುಳ್ಳು ಹೇಳೋಕೆ ಬರಲ್ಲ ಅಂತ.”

ವ್ಯಾನಿನ ಬಾಗಿಲು ಮುಚ್ಚುತ್ತದೆ. ಅಕ್ಕನ ಕುರ್ಚಿ ವಾರದಿಂದ ವಾರಕ್ಕೆ ಹಗುರಾಗುತ್ತಿತ್ತು. ಅದನ್ನು ಜಲ್ಲಿಯಣ್ಣ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.