ಬಾಯಲ್ಲಿ ಕವಳ, ಕೈಯಲ್ಲಿ ಕಥೆ

ಅರವತ್ತರ ದಶಕದಲ್ಲಿ ನಾನು ಹೊಸನಗರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದೆ. ಮನೆ ಸಾಗರದಲ್ಲಿ. ಪಾಠ ಹೇಳುವುದು ಹೊಟ್ಟೆಪಾಡಿಗೆ, ಹುಟ್ಟಿದ್ದು ಮಾತ್ರ ಕಥೆ ಬರೆಯುವುದಕ್ಕೆ ಎಂದು ಆಗ ಗಟ್ಟಿಯಾಗಿ ನಂಬಿದ್ದೆ. ತಮಾಷೆಯೆಂದರೆ ಒಂದೇ ಒಂದು ಕಥೆಯನ್ನೂ ಬರೆದು ಮುಗಿಸಿರಲಿಲ್ಲ. ನನ್ನ ಟ್ರಂಕಿನ ತುಂಬ ಮೊದಲ ಪುಟಗಳಿದ್ದವು. ಎಂಥ ಮೊದಲ ಪುಟಗಳು ಅಂತೀರಿ, ಒಂದಕ್ಕಿಂತ ಒಂದು ಚೆಂದ. ಎರಡನೆಯ ಪುಟ ಮಾತ್ರ ಯಾವುದಕ್ಕೂ ಇರಲಿಲ್ಲ. ಕಥೆಗಿಂತ ಮುಂಚೆ ಹೆಸರು ಬರೆಯುತ್ತಿದ್ದೆ, ಹೆಸರಿನ ಕೆಳಗೆ ಬಳ್ಳಿ ಬಿಡಿಸುತ್ತಿದ್ದೆ, ಬಳ್ಳಿಗೆ ಹೂವನ್ನೂ ಬಿಡಿಸುತ್ತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಿನ ತಾಲ್ಲೂಕುಗಳಲ್ಲಿ ಇರಲಿಲ್ಲ.

ಬರೆಯಲು ಕೂರುವುದೆಂದರೆ ಅದೊಂದು ಪೂಜೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಸಾಗರಕ್ಕೆ ಬಂದರೆ, ಭಾನುವಾರ ಬೆಳಿಗ್ಗೆ ತಿಂಡಿಯಾದದ್ದೇ ಪೆನ್ನನ್ನು ಬಿಚ್ಚಿ ಬಿಸಿನೀರಲ್ಲಿ ತೊಳೆಯಬೇಕು. ಒಣಗಲು ಬಿಡಬೇಕು. ಮೇಜನ್ನು ಕಿಟಕಿಯ ಹತ್ತಿರ ಎಳೆಯಬೇಕು. ಬಿಸಿಲು ಕಣ್ಣಿಗೆ ಬಿತ್ತೆಂದು ಮತ್ತೆ ಒಳಕ್ಕೆ ನೂಕಬೇಕು. ಅಷ್ಟರಲ್ಲಿ ಬಾಯಿ ಸಪ್ಪೆ ಎನ್ನಿಸಿ ಕವಳ ಬೇಕಾಗುತ್ತಿತ್ತು. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಿಕೆಹೋಳಿನ ಜೊತೆ ಚೂರು ಹೊಗೆಸೊಪ್ಪು ಇಟ್ಟು ಮಡಿಸಿ ದವಡೆಗೆ ಸೇರಿಸಿದರೆ ತಲೆಯೊಳಗೆ ದೀಪ ಹಚ್ಚಿದ ಹಾಗಾಗುತ್ತಿತ್ತು. ಕಷ್ಟ ಶುರುವಾಗುತ್ತಿದ್ದದ್ದು ಅಲ್ಲೇ. ಹೊಗೆಸೊಪ್ಪಿನ ರಸ ನುಂಗುವಂತಿಲ್ಲ, ಉಗಿಯಲು ಏಳಲೇಬೇಕು. ಮೆಟ್ಟಿಲಿಳಿದರೆ ರಸ್ತೆ. ರಸ್ತೆಯಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು, ಎಂತ ಬರೀತಾ ಇದ್ದೆ ಮಾರಾಯ ಎಂದು ಕೇಳಿಯೇ ಕೇಳುತ್ತಿದ್ದರು. ಬಾಯಿ ಖಾಲಿಯಾಗಿದೆ, ಕೇಳುವವರು ಸಿಕ್ಕಿದ್ದಾರೆ, ಇನ್ನೇನು ಬೇಕು? ಅಲ್ಲೇ ನಿಂತು ಇಡೀ ಕಥೆ ಹೇಳಿಬಿಡುತ್ತಿದ್ದೆ. ಅವರು ನಕ್ಕರೆ ಇನ್ನಷ್ಟು ಸೇರಿಸುತ್ತಿದ್ದೆ. ಒಳಗೆ ಬಂದು ಮೇಜಿನ ಮುಂದೆ ಕೂತರೆ ಉಂಡೆದ್ದವನಿಗೆ ಮತ್ತೆ ಎಲೆ ಹಾಕಿದಂತೆ, ಒಂದು ತುತ್ತೂ ಇಳಿಯುತ್ತಿರಲಿಲ್ಲ. ಸರಿ, ಮುಂದಿನ ಭಾನುವಾರ ಎಂದು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದೆ.

ಹೀಗೆ ಸುಖವಾಗಿದ್ದವನನ್ನು ಸಿಕ್ಕಿಸಿ ಹಾಕಿದ್ದು ನನ್ನ ಸೋದರಮಾವ. ಅವನಿದ್ದದ್ದು ತೀರ್ಥಹಳ್ಳಿಯಲ್ಲಿ. ಅಲ್ಲೊಂದು ಮನೆಯವರಿಗೆ, ನಮ್ಮ ಹುಡುಗ ದೊಡ್ಡ ಕಥೆಗಾರ ಎಂದು ಹೇಳಿ, ಬೇಸಿಗೆ ರಜೆಯಲ್ಲಿ ಹೆಣ್ಣು ನೋಡಲು ನನ್ನನ್ನೂ ಅಮ್ಮನನ್ನೂ ಕರೆಸಿಕೊಂಡ. ಊರಿನ ಅಂಚಿನಲ್ಲಿ, ಬಸ್ಸು ಹೋಗುವ ರಸ್ತೆಗೇ ಅಂಟಿಕೊಂಡ ಮನೆ. ಹುಡುಗಿ ಕೇಸರಿಬಾತಿನ ತಟ್ಟೆ ತಂದಿಟ್ಟಳು. ತಲೆ ತಗ್ಗಿಸಲಿಲ್ಲ, ನೆಟ್ಟಗೆ ನೋಡಿದಳು. ಅವಳ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ವಾರಪತ್ರಿಕೆಗಳ ಅಟ್ಟಿ. ನನಗೆ ಆ ಅಟ್ಟಿಯೂ ಹಿಡಿಸಿತು, ಹುಡುಗಿಯೂ ಹಿಡಿಸಿದಳು. ಮದುವೆಯಾದರೆ ಇವಳನ್ನೇ ಎಂದು ಕೇಸರಿಬಾತು ಮುಗಿಯುವುದರೊಳಗೆ ತೀರ್ಮಾನಿಸಿದೆ.

ಏನಾದರೂ ಕೇಳುವುದಿದ್ದರೆ ಕೇಳು ಎಂದು ಅವಳಪ್ಪ ಬಾಯಿಮಾತಿಗೆ ಹೇಳಿದರು. ಅವಳು ಕೇಳಿಯೇಬಿಟ್ಟಳು.

"ಇವ್ರು ಬರೆದ ಕಥೆ ಒಂದು ಓದಲೆ ಸಿಗ್ತಾ? ಕೊನೆ ಇಪ್ಪಂಥದ್ದೇ ಬೇಕು. ಕೊನೆ ಇಲ್ಲದ್ದು ಓದಿದ್ರೆ ನಂಗೆ ನಿದ್ದೆ ಬತ್ತಿಲ್ಲೆ."

ಅವರ ಮನೆಗೆ ವಾರಪತ್ರಿಕೆ ಬಸ್ಸಿನಲ್ಲಿ ಬರುತ್ತಿತ್ತಂತೆ. ಆಗಾಗ ತಪ್ಪಿಹೋಗಿ ಧಾರಾವಾಹಿಗಳ ಕೊನೆಯೇ ಇವಳಿಗೆ ಸಿಕ್ಕಿರಲಿಲ್ಲ, ಆ ಸಿಟ್ಟು. ಕಥೆ ಓದಿದ ಮೇಲೆಯೇ ತನ್ನ ಮಾತು ಹೇಳುವುದು ಎಂದಳು. ಅವಳಪ್ಪನಿಗೆ ಮುಜುಗರವಾಗಿ ಗದರಿದರು. ನಾನು ದೊಡ್ಡ ಮನುಷ್ಯನ ಹಾಗೆ ಕೈಯೆತ್ತಿ, ಅದಕ್ಕೇನಂತೆ, ಇರುವುದರಲ್ಲಿ ಯಾವುದನ್ನು ಕೊಡುವುದು ಎಂಬುದೇ ಯೋಚನೆ ಎಂದೆ. ಪಕ್ಕದಲ್ಲಿ ಅಮ್ಮ ಕೆಮ್ಮಿದಳು. ದೀಪಾವಳಿಯ ಹೊತ್ತಿಗೆ ಕಥೆ ತಂದುಕೊಡುವುದೆಂದು ಮಾತಾಯಿತು.

ವಾಪಸು ಬರುವಾಗ ಬಸ್ಸಿನಲ್ಲೇ ಕಥೆ ಸಿಕ್ಕಿತು ಎಂದರೆ ನಂಬಬೇಕು. ದೊಡ್ಡ ದೊಡ್ಡ ಸೌಟು, ಜಾಲರಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ ಅಡಿಗೆ ಭಟ್ಟರೊಬ್ಬರು ದಾರಿಯಲ್ಲಿ ಇಳಿದರು. ಎದುರಿಗೆ ಬಾಳೆಕಂಬ ಕಟ್ಟಿದ ಮದುವೆ ಚಪ್ಪರ. ಬಸ್ಸು ಹೊರಟ ಮೇಲೆ ಕಂಡಕ್ಟರು ಹಣೆ ಚಚ್ಚಿಕೊಂಡ. ಅವರು ಟಿಕೀಟು ತೆಗೆದದ್ದು ಮುಂದಿನ ಊರಿಗಂತೆ. ಮುಂದಿನ ಊರಿನಲ್ಲೂ ಚಪ್ಪರವಿತ್ತು. ನಾನು ಸೀಟಿನಿಂದ ಹಾರಿಬಿದ್ದೆ. ಭಟ್ಟರು ಬೇರೆ ಮದುವೆ ಮನೆಗೆ ಹೋಗಿ ಅಡಿಗೆ ಮಾಡಿಬಿಟ್ಟರೆ? ಅಸಲು ಮನೆಯವರು ಹಸಿದುಕೊಂಡು ಇವರನ್ನು ಹುಡುಕುತ್ತ ಹೊರಟರೆ? ಖುಷಿಯಲ್ಲಿ ಮೈಯೆಲ್ಲ ಜುಮ್ಮೆಂದಿತು. ಆ ಖುಷಿ ಹೊಟ್ಟೆಯೊಳಗೆ ನಿಲ್ಲಬೇಕಲ್ಲ, ಹೊಸನಗರ ಬರುವುದರೊಳಗೆ ಅಷ್ಟನ್ನೂ ಕಂಡಕ್ಟರನಿಗೆ ಹೇಳಿ ಮುಗಿಸಿದ್ದೆ.

ಆಮೇಲೆ ಶನಿವಾರ ಶನಿವಾರವೂ ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಅದೇ ಬಸ್ಸು, ಅದೇ ಕಂಡಕ್ಟರು. ಭಟ್ಟರು ಏನಾದರು ಮೇಷ್ಟ್ರೇ ಎಂದು ಅವನು ಕೇಳುವುದು, ನಾನು ಹೊಸದೊಂದು ಕೊನೆ ಕಟ್ಟಿ ಹೇಳುವುದು. ಒಂದು ವಾರ ಎರಡೂ ದಿಬ್ಬಣಗಳಿಗೆ ಹೊಡೆದಾಟವಾಯಿತು. ಇನ್ನೊಂದು ವಾರ ಹಂಡೆಗಳ ಸಮೇತ ಅಡಿಗೆಯನ್ನೇ ಇದೇ ಬಸ್ಸಿನ ಮೇಲೆ ಹೇರಿದರು. ಆ ಸಲ ಡ್ರೈವರನೂ ಬಸ್ಸು ನಿಲ್ಲಿಸಿ ಹಿಂದಕ್ಕೆ ತಿರುಗಿ ಕೇಳಿದ. ಹೊಸನಗರದ ಹೋಟೆಲಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಸಾಗರದ ರಸ್ತೆಯಲ್ಲಿ ಎಲ್ಲ ಕಡೆ ನನಗೆ ರಾಜಮರ್ಯಾದೆ. ಟ್ರಂಕಿನಲ್ಲಿ ಮಾತ್ರ ಈ ಕಥೆಯದೂ ಒಂದೇ ಪುಟ, ಅದರ ತಲೆಯ ಮೇಲೆ ಒಂದು ಸೌಟಿನ ಚಿತ್ರ.

ಚೌತಿಗೆ ಮಾವ ಸಾಗರಕ್ಕೆ ಬಂದ. ಊಟವಾದ ಮೇಲೆ ಜಗಲಿಯಲ್ಲಿ ಕವಳ ಹಾಕುತ್ತ, ತೀರ್ಥಹಳ್ಳಿಯಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಕಥೆ ಎಂದು ಶುರುಮಾಡಿದ. ಒಬ್ಬ ಅಡಿಗೆ ಭಟ್ಟ, ಒಂದು ಕಿವಿ ಮಂದ, ತಪ್ಪಿ ಬೇರೆ ಮದುವೆ ಮನೆಗೆ ಹೋಗುತ್ತಾನೆ. ಮಂದಕಿವಿಯ ಮಾತು ಹೊಸದಾಗಿದ್ದರಿಂದ ನಾನೇ ಮೊದಲು ಬಿದ್ದು ಬಿದ್ದು ನಕ್ಕೆ. ನಗು ಮುಗಿಯುವ ಹೊತ್ತಿಗೆ ಅದು ಯಾರ ಕಥೆ ಎಂದು ಹೊಳೆಯಿತು. ನನ್ನ ಕೂಸು ನನಗಿಂತ ಮುಂಚೆ ಬಸ್ಸು ಹತ್ತಿ ಹೋಗಿತ್ತು. ಮಾವ ಮುಂದುವರಿಸಿದ: ಕಂಡಕ್ಟರು ವಾರಪತ್ರಿಕೆ ಕೊಡಲು ನಿಂತಾಗ ಆ ಹುಡುಗಿಗೂ ಹೇಳುತ್ತಾನಂತೆ, ವಾರವಾರವೂ ಅವಳು ಬಾಗಿಲಲ್ಲೇ ಕಾದಿರುತ್ತಾಳಂತೆ.

ಅದು ನಾನು ಕಟ್ಟಿದ ಕಥೆ ಎಂದೆ. ಮಾವ ತೊಡೆ ತಟ್ಟಿಕೊಂಡು ನಕ್ಕ. ಬಸ್ಸಿನ ಕಥೆಯನ್ನು ನಿನ್ನದು ಅಂದರೆ ಆ ಹುಡುಗಿ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸುತ್ತಾಳೆ, ಬೇರೆ ಯಾವುದಾದರೂ ತಾ ಎಂದ. ಬೇರೆ ಎಲ್ಲಿಂದ ತರಲಿ? ಇದ್ದದ್ದು ಇದೊಂದೇ. ಇದನ್ನು ಬಿಟ್ಟರೆ ಕಥೆಯಿಲ್ಲ, ಒಯ್ದರೆ ಕಳ್ಳ. ಹುಡುಗಿ ಕೈತಪ್ಪಿದಳು ಎಂದು ನಿಜವಾಗಿಯೂ ಹೊಟ್ಟೆ ಉರಿಯಿತು. ಅವಳು ನನ್ನ ಕಥೆಗೆ ಬಾಗಿಲಲ್ಲಿ ಕಾಯುತ್ತಾಳೆ ಎಂಬ ಹಿಗ್ಗೂ ಅದೇ ಹೊಟ್ಟೆಯಲ್ಲಿತ್ತು.

ಮಾವ ಹೋದ ಮೇಲೆ ಅಮ್ಮ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದಳು. ದಸರಾ ರಜೆಗೆ ನಾನು ಬಂದಾಗ ನನ್ನ ಹೊಗೆಸೊಪ್ಪಿನ ಡಬ್ಬಿಯನ್ನು ಎತ್ತಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರೀ ಎಲೆ, ಅಡಿಕೆ, ಸುಣ್ಣದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ರಸ ನುಂಗ್ಲಕ್ಕು, ಏಳದು ಬ್ಯಾಡ. ಬಾಯಿ ಖಾಲಿ ಆಪಲೆ ಬಿಡಬ್ಯಾಡ. ಬರಿ."

ಇಷ್ಟು ಸಣ್ಣ ಉಪಾಯ, ಕೆಲಸ ಮಾಡಿತು ನೋಡಿ. ಏಳುವ ನೆವವೇ ಹೋಯಿತು. ಕಿಟಕಿಯಲ್ಲಿ ಯಾರಾದರೂ ಇಣುಕಿ ಕೇಳಿದರೆ ಉಬ್ಬಿದ ಕೆನ್ನೆ ತೋರಿಸಿ ಕೈಯಾಡಿಸಿದೆ. ಹೇಳಲಾಗದ ಮಾತುಗಳು ಗಂಟಲಲ್ಲಿ ಒತ್ತಾಡಿ, ದಾರಿ ಕಾಣದೆ, ಕೊನೆಗೆ ಕೈಗಿಳಿದವು. ಎರಡನೆಯ ಪುಟ ಬಂತು. ಎರಡನೆಯ ಪುಟವನ್ನು ಹಿಡಿದುಕೊಂಡು ಅಡಿಗೆಮನೆಗೆ ಓಡಿ ಅಮ್ಮನ ಮುಂದೆ ಕುಣಿದೆ. ಅವಳು ಇನ್ನೊಂದು ಎಲೆಗೆ ಸುಣ್ಣ ಹಚ್ಚಿ ಕೊಟ್ಟಳು. ರಜೆ ಮುಗಿಯುವ ಮುಂಚೆ ಕೊನೆಯೂ ಬಂತು. ಹಸಿದ ಮನೆಯವರು ಸಿಟ್ಟಿನಲ್ಲಿ ಭಟ್ಟರನ್ನು ಹುಡುಕಿಕೊಂಡು ಬರುತ್ತಾರೆ, ಸಾರಿನ ಪರಿಮಳಕ್ಕೆ ಮೆತ್ತಗಾಗುತ್ತಾರೆ, ಕೈ ತೊಳೆದ ಮೇಲೆ ಬೈದರಾಯಿತು ಎಂದು ಪಂಕ್ತಿಯಲ್ಲಿ ಕೂರುತ್ತಾರೆ. ಉಂಡೆದ್ದ ಮೇಲೆ ಬೈಯುವುದು ಯಾರಿಗೂ ನೆನಪಿರುವುದಿಲ್ಲ. ಈ ಕೊನೆಯನ್ನು ನಾನು ಯಾವ ಬಸ್ಸಿನಲ್ಲೂ ಹೇಳಿರಲಿಲ್ಲ.

ದೀಪಾವಳಿಗೆ ತೀರ್ಥಹಳ್ಳಿಯ ಬಸ್ಸು ಹತ್ತುವಾಗ ಮತ್ತೆ ಹೊಗೆಸೊಪ್ಪು ಹಾಕಿಕೊಂಡೆ, ಬಾಯಿಗೆ ಬೀಗ ಬೀಳಲಿ ಎಂದು. ಕಂಡಕ್ಟರು ಓಡಿ ಬಂದು ಪಕ್ಕದಲ್ಲೇ ಕೂತ. ನಾನು ಕೆನ್ನೆ ತೋರಿಸಿದೆ. ಬಸ್ಸು ನಿಂತಲ್ಲೆಲ್ಲ ನಾನು ಇಳಿದು ಉಗಿಯುವುದು, ಹತ್ತುವ ಮುಂಚೆ ಹೊಸ ಕವಳ ತುಂಬುವುದು. "ಭಟ್ರು ಬದುಕಿದಾರೋ ಇಲ್ವೋ, ಅಷ್ಟಾದ್ರೂ ಹೇಳಿ ಮೇಷ್ಟ್ರೇ" ಎಂದು ಅವನು ಅಂಗಲಾಚಿದ. ಹಿಂದಿನ ಸೀಟಿನವರೂ ಸೇರಿಕೊಂಡರು. ಪಾಪ ಎನ್ನಿಸಿತು, ಜೊತೆಗೆ ಅಷ್ಟು ಜನ ಬೇಡಿಕೊಳ್ಳುವುದು ಹಿತವಾಗಿಯೂ ಇತ್ತು. ಆದರೂ ತುಟಿ ಬಿಚ್ಚಲಿಲ್ಲ.

ಹುಡುಗಿಯ ಮನೆಯಲ್ಲಿ ಕಾಲು ತೊಳೆದು, ಬಾಯಿ ಮುಕ್ಕಳಿಸಿ, ಮಾವನ ಪಕ್ಕದಲ್ಲಿ ಕೂತು ಕಥೆಯ ಹಾಳೆಗಳನ್ನು ಅವಳಪ್ಪನ ಕೈಗೆ ಕೊಟ್ಟೆ. ಅವರು ಒಳಗೆ ಕಳಿಸಿದರು. ಬಂದವರಿಗೆ ಮೊದಲು ಕವಳದ ತಟ್ಟೆ ಇಡುವುದು ನಮ್ಮಲ್ಲಿ ಕ್ರಮ, ಹಾಗಾಗಿ ಅದೂ ನನ್ನ ಮುಂದೆ ಬಂತು. ಒಳಗಿನಿಂದ ಸದ್ದಿಲ್ಲ. ನಗುವುದಿಲ್ಲ, ಬೈಯುವುದಿಲ್ಲ. ಹೆದರಿಕೆಗೆ ಕೈ ತಾನಾಗಿ ಹೊಗೆಸೊಪ್ಪು ಇಟ್ಟು ಎಲೆ ಮಡಿಸುತ್ತ ಹೋಯಿತು. ಎರಡು ಎಲೆಯ ಕವಳ ಬಾಯಲ್ಲಿ ಇದ್ದಂತೆಯೇ ಇನ್ನೊಂದು ಸೇರಿಸಿದೆ. ಆಗ ಅವಳು ಬಾಗಿಲಿಗೆ ಬಂದಳು.

"ಈ ಕಥೆ ನಂಗೆ ಗೊತ್ತಿದ್ದು" ಎಂದಳು. "ಬಸ್ಸಿನವ ಹೇಳಿದ್ದ."

ಮಾವ ನೆಲ ನೋಡಿದ. ಅವಳಪ್ಪ ನನ್ನನ್ನು ನೋಡಿದರು. ಜೀವಮಾನವೆಲ್ಲ ಬೇಡದಲ್ಲಿ ಮಾತಾಡಿದವನು, ಬೇಕಾದ ಆ ಗಳಿಗೆಯಲ್ಲಿ ಎರಡೂ ಕೆನ್ನೆ ಉಬ್ಬಿಸಿಕೊಂಡು ಗೊಂಬೆಯ ಹಾಗೆ ಕೂತಿದ್ದೆ. ನುಂಗುವಂತಿಲ್ಲ, ಉಗಿಯಲು ಅಂಗಳಕ್ಕೆ ಓಡಿದರೆ ತಪ್ಪೊಪ್ಪಿಕೊಂಡು ಓಡಿದ ಹಾಗಾಗುತ್ತದೆ.

ಅವಳು ಅಪ್ಪನ ಕಡೆ ತಿರುಗಿ ಹೇಳಿದಳು. ವಾರ ವಾರ ಕೊನೆ ಬದಲಾಗುತ್ತಿತ್ತಂತೆ. ಯಾರು ಹೇಳಿದ ಕಥೆ ಎಂದು ಕಂಡಕ್ಟರನನ್ನು ಕೇಳಿದಾಗ, ಹೊಸನಗರದ ಮೇಷ್ಟ್ರೊಬ್ಬರು, ಮುಗಿಸಲು ಅವರಿಗೆ ಬರುವುದಿಲ್ಲ ಎಂದನಂತೆ. ಆ ಮೇಷ್ಟ್ರು ನಾನೇ ಎಂದು ಅಂದೇ ಇವಳಿಗೆ ತಿಳಿಯಿತಂತೆ. ಇವನು ಮುಗಿಸಿ ತರುತ್ತಾನೋ ಇಲ್ಲವೋ ಎಂದು ಬಾಗಿಲಲ್ಲಿ ಕಾದದ್ದಂತೆ. ಆಮೇಲೆ ನನ್ನ ಕಡೆಗೇ ನೋಡಿದಳು.

"ಕೊನೆ ಸರಿ ಇಲ್ಲೆ. ಎಲ್ಲರೂ ಬಂದು ಉಂಡ್ರು. ಆಚೆ ಮನೆ ಮದುಮಗಳು ಹಸಕಂಡೇ ಕೂತಿದ್ದು, ಅದ್ಕೆ ಯಾರು ಬಡಿಸಿದ್ದು?"

ನನಗೆ ಜ್ಞಾನೋದಯವಾದ ಹಾಗಾಯಿತು. ಅಷ್ಟು ಕೊನೆ ಕಟ್ಟಿದ್ದೆ, ಒಂದರಲ್ಲೂ ಆ ಹುಡುಗಿಗೆ ಎಲೆ ಹಾಕಿರಲಿಲ್ಲ.

"ಇರ್ಲಿ" ಎಂದಳು. "ಮದುವೆ ಆದ್ಮೇಲೆ ತಿದ್ದಿದ್ರೆ ಆತು."

ಅವಳು ಒಳಗೆ ಹೋದ ಮೇಲೆಯೇ ಆ ಮಾತಿನ ಅರ್ಥ ಜಗಲಿಯಲ್ಲಿ ಎಲ್ಲರಿಗೂ ಇಳಿದದ್ದು. ಆಗಬಹುದಾ ಎಂದು ಅವಳಪ್ಪ ನನ್ನನ್ನು ಕೇಳಿದರು. ನಾನು ಕತ್ತು ನೋಯುವಷ್ಟು ತಲೆಯಾಡಿಸಿ, ಅಂಗಳದ ಅಂಚಿಗೆ ಓಡಿ ಉಗಿದು, ಅಲ್ಲೇ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕೆ.

ಆ ಕೊನೆಯನ್ನು ಇವತ್ತಿಗೂ ತಿದ್ದಿಲ್ಲ. ಇದೊಂದರಲ್ಲಿ ತಪ್ಪು ನನ್ನದಲ್ಲ. ನಾನು ಪೆನ್ನು ತೊಳೆದು, ಬಾಯಿ ತುಂಬಿಕೊಂಡು ಕೂತಾಗಲೆಲ್ಲ ಅವಳು ಎದುರಿಗೆ ಬಂದು ಕೂರುತ್ತಾಳೆ. ಆ ಮದುಮಗಳಿಗೆ ಎಂತ ಬಡಿಸುತ್ತೀರಿ ಎಂದು ಕೇಳುತ್ತಾಳೆ. ನಾನು ಕೆನ್ನೆ ತೋರಿಸುತ್ತೇನೆ.

"ಬರೆಯಲೆ ಎಂತ ಅವಸರ ಇದ್ದು" ಎನ್ನುತ್ತಾಳೆ. "ಉಗಿದು ಬನ್ನಿ. ಮೊದ್ಲು ಬಾಯಲ್ಲಿ ಹೇಳಿ, ನಾ ಕೇಳ್ತಿ."