ಎರಡನೇ ಸಲ ಬಡಿಸದ ಊಟ

ನಾಗಪುರಕ್ಕೆ ಬಂದು ಫ್ರೆಂಚ್ ಊಟ ಮಾಡುತ್ತೇನೆಂದು ಧಾರವಾಡದಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಇಲ್ಲಿನ ಲಕ್ಷ್ಮೀ ನಗರದಲ್ಲಿರುವ ತಂಗಿ ಸುಮಾಳ ಗಂಡನಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿತ್ತು. ಆ ಖುಷಿಗೆ ನಮ್ಮನ್ನು ದೊಡ್ಡ ಹೋಟೆಲಿಗೆ ಕರೆತಂದಿದ್ದ. ಇಲ್ಲಿ ನಾವು ಕೇಳಿದ್ದನ್ನು ಕೊಡುವುದಿಲ್ಲ. ಬಾಣಸಿಗ ತನಗೆ ತೋಚಿದ ಏಳು ಬಗೆಗಳ ರುಚಿಯನ್ನು ಒಂದಾದ ಮೇಲೊಂದರಂತೆ ತೋರಿಸುತ್ತಾನೆ.

ಮೂರನೆಯದಾಗಿ, ಪರಾತದಷ್ಟು ಅಗಲದ ತಟ್ಟೆಯ ನಡುವೆ ಒಂದೇ ಒಂದು ಚಮಚ ಬದನೆಕಾಯಿ ಬಂತು. ಬಾಯಲ್ಲಿಟ್ಟರೆ ಬೆಣ್ಣೆ. ಬದನೆಕಾಯಿ ತಿಂದೇ ಬೆಳೆದ ನನಗೆ ಅದು ಹೀಗೂ ಆಗಬಲ್ಲದೆಂದು ಗೊತ್ತಿರಲಿಲ್ಲ.

“ಥೋಡಾ ಔರ್ ದೀಜಿಯೇ” ಎಂದು ಇನ್ನಷ್ಟು ಕೇಳಿದೆ.

ಬಡಿಸುವವನು ನಕ್ಕು, ಇಲ್ಲಿ ಎರಡನೇ ಸಲ ಬಡಿಸುವ ಪದ್ಧತಿಯಿಲ್ಲ ಎಂದು ಹಿಂದಿಯಲ್ಲಿ ಹೇಳಿ ತಟ್ಟೆಗೆ ಕೈಹಾಕಿದ. ನಾನು ಬಿಡಲಿಲ್ಲ.

“ಅಕ್ಕಾ, ಮಂದಿ ನೋಡಾಕತ್ತಾರ” ಎಂದು ಸುಮಾ ಪಿಸುಗುಟ್ಟಿದಳು.

“ನೋಡ್ಲಿ ಬಿಡು. ಬಡಸಿದವ್ರು ಇನ್ನೊಂಚೂರು ಹಾಕ್ಲೇನು ಅಂತ ಕೇಳಬೇಕು. ಕೇಳಲಿಲ್ಲಂದ್ರ ಅದು ಊಟ ಅಲ್ಲ, ತೀರ್ಥ.”

ಮುಂದಿನ ನಾಲ್ಕು ಬಗೆಗಳನ್ನು ನನ್ನ ಮುಂದೆ ಇಡಗೊಡಲಿಲ್ಲ. ಖಾಲಿ ತಟ್ಟೆ ಹಿಡಿದು ಕೂತೇ ಇದ್ದೆ. ಸುಮಾ, ಅವಳ ಗಂಡ ಇಬ್ಬರೂ ತಲೆ ತಗ್ಗಿಸಿಕೊಂಡು ಸಿಹಿಯವರೆಗೂ ಉಂಡರು. ಬಡಿಸುವವನು ಬಿಲ್ ತಂದು ನಿಂತ. ಆದರೆ ಪಂಕ್ತಿಯಲ್ಲಿ ಒಬ್ಬರ ಊಟ ಮುಗಿಯದೆ ಉಳಿದವರು ಏಳುವ ವಾಡಿಕೆ ನಮ್ಮಲ್ಲಿಲ್ಲ. ಅವರಿಬ್ಬರೂ ಏಳಲಿಲ್ಲ. ಅಷ್ಟು ಹೊತ್ತೂ ನಾಚಿ ಕೆಂಪಾಗಿದ್ದ ಸುಮಾಳ ಗಂಡ ಬಿಲ್ಲನ್ನು ಮುಟ್ಟದೆ, “ದೀದೀ ಕಾ ಖಾನಾ ಅಭೀ ಬಾಕೀ ಹೈ”, ಅಕ್ಕನ ಊಟ ಇನ್ನೂ ಮುಗಿದಿಲ್ಲ, ಎಂದ.

ಬಡಿಸುವವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ನಾನು ತಟ್ಟೆಯನ್ನು ತುಸು ಮುಂದಕ್ಕೆ ಸರಿಸಿದೆ.